ನೀರುಗಂಟಿಯ ಹೆಬ್ಬೆಟ್ಟು

ಅವನು ಬೀಸಿದ ಕಬ್ಬಿಣದ ಕೀಲಿ ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು!

ನಾಲ್ಕಡಿ ಉದ್ದದ್ದು. ಬೀದಿಯ ನೀರಿನ ವಾಲ್ವ್ ತಿರುಗಿಸುವ ಕೀಲಿ. ಒಂದಿಂಚು ಈಚೆ ಬಿದ್ದಿದ್ದರೆ ನನ್ನ ಕತೆ ಅಲ್ಲೇ ಮುಗಿಯುತ್ತಿತ್ತು. ನೀವೂ ಇಷ್ಟು ದೂರ ಬಂದು ನನ್ನ ವಕಾಲತ್ತು ಹಾಕಬೇಕಿರಲಿಲ್ಲ ಸಾರ್.

"ಹತ್ರ ಬಂದ್ರೆ ತಲೆ ಒಡೆದ್ಬಿಡ್ತೀನಿ!" ಎಂದ ಮುನಿರಾಮಯ್ಯ.

ಪುರಸಭೆಯ ನೀರುಗಂಟಿ. ನಲವತ್ತೈದು ಕೆ.ಜಿ. ಆಳು. ಹದಿಮೂರು ವರ್ಷದಿಂದ ಊರಿಗೆಲ್ಲ ನೀರು ಬಿಟ್ಟವನು, ಅವತ್ತು ನಾನು ಹುಡುಕುತ್ತಿರುವುದು ತಿಳಿದು ಮಗ್ಗದ ಶೆಡ್ಡಿನಲ್ಲಿ ಇಲಿಯಂತೆ ಅವಿತಿದ್ದ.

"ಕೀಲಿ ಕೆಳಗಿಡು."

"ಇಡಲ್ಲ!"

ಓಡಿದ... ನಾನೂ ಹಿಂದೆ ಬಿದ್ದೆ.

ಇಪ್ಪತ್ತು ಪವರ್‌ಲೂಮ್ ಒಟ್ಟಿಗೆ ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಕೊಲೆಯಾದರೂ ಪಕ್ಕದವನಿಗೆ ಕೇಳದು. ಅವನು ಕೈಮುಗಿದು ನೇಕಾರರ ಕಡೆ ನೋಡಿದ. ಒಬ್ಬರೂ ಏಳಲಿಲ್ಲ. ಅವರ ಬೀದಿಯಲ್ಲೇ ವಾಂತಿಭೇದಿಗೆ ಹನ್ನೊಂದು ಹೆಣ ಬಿದ್ದಿತ್ತು. ನೀರು ಬಿಟ್ಟವನು ಇವನು. ಅವರ ಪಾಲಿಗೆ ಲೆಕ್ಕ ಅಷ್ಟೇ.

ಹಿಂಬಾಗಿಲಲ್ಲಿ ಹಿಡಿದೆ. ತೋಳು ತಿರುಚಿದೆ. ಕೀಲಿ ಬಿತ್ತು... ನನ್ನ ಕಾಲ ಮೇಲೇ!

ಹಿಂದಿನ ದಿನದ ಮಾತು ಹೇಳಿಬಿಡುತ್ತೇನೆ. ಎಂಬತ್ತೆಂಟನೇ ಇಸವಿ. ಊರಿನ ಹೆಸರು ಬೇಡ. ದೊಡ್ಡಬೆಳವಂಗಲದಿಂದ ಸೈಕಲ್ ತುಳಿದರೆ ಸಿಗುತ್ತೆ. ಆ ವರ್ಷ ಪುರಸಭೆ ಬಜೆಟ್‌ನಲ್ಲಿ ಎಲ್ಲಕ್ಕೂ ಕತ್ತರಿ. ಬೀದಿದೀಪ ಅರ್ಧಕ್ಕರ್ಧ ಆರಿತು. ಕಸ ಗುಡಿಸುವವರಲ್ಲಿ ಹತ್ತು ಜನ ಮನೆಗೆ ಹೋದರು. ಕುಡಿಯುವ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬಾಬ್ತನ್ನು ಮಾತ್ರ ಮುಟ್ಟಲಿಲ್ಲ. ಅಧ್ಯಕ್ಷ ಅಪ್ಪಯ್ಯಣ್ಣನವರಿಗೆ ಜನರ ಆರೋಗ್ಯ ಮುಖ್ಯವಂತೆ! ಇನ್ನೂರು ಚೀಲಕ್ಕೆ ಬಿಲ್ಲಾಯಿತು. ಹಣ ಹೋಯಿತು. ಚೀಲ ಒಂದೂ ಬರಲಿಲ್ಲ.

ಹನ್ನೊಂದು ಹೆಣ ಬಿದ್ದ ಮೇಲೆ ಅಧ್ಯಕ್ಷರು ನನ್ನನ್ನು ಕರೆದರು. ಕೆಲಸ ಕಳೆದುಕೊಂಡ ಪೊಲೀಸ್ ಪೇದೆ ನಾನು, ನಂದೀಶ. ಇಂಥದ್ದಕ್ಕೆಲ್ಲ ನನ್ನ ನೆನಪಾಗುತ್ತಿತ್ತು.

"ನಾಳಿದ್ದು ಆಡಿಟ್‌ನೋರು ಬರ್ತಾವ್ರೆ. ಇದಕ್ಕೆ ನೀರುಗಂಟಿ ಹೆಬ್ಬೆಟ್ಟು ಬೇಕು," ಎಂದು ಟೈಪಾದ ಹಾಳೆಯೊಂದನ್ನು ಕೊಟ್ಟರು. ಜೊತೆಗೊಂದು ಇಂಕ್ ಪ್ಯಾಡ್. "ಅವನ ಮಗಳೂ ಆಸ್ಪತ್ರೇಲಿ ಬಿದ್ಕೊಂಡವ್ಳಂತೆ. ನನ್ನ ಹತ್ರ ಆರು ಗ್ಲೂಕೋಸ್ ಬಾಟ್ಲಿ ಐತೆ. ಒತ್ತಿದ್ರೆ ಕೊಡ್ತೀನಿ ಅನ್ನು."

ಈಗ ಶೆಡ್ಡಿಗೆ ವಾಪಸ್ ಬನ್ನಿ.

"ಮಗಳು ಹೆಂಗವಳೆ?" ಎಂದೆ.

ಮುನಿರಾಮಯ್ಯನ ಮೈ ಒಂದೇ ಸಲಕ್ಕೆ ಸಡಿಲವಾಯಿತು.

"ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ ಅಣ್ಣ. ಆಸ್ಪತ್ರೇಲಿ ಬಾಟ್ಲಿ ಮುಗಿದೋಗೈತಂತೆ."

"ಅಧ್ಯಕ್ಷರ ಹತ್ರ ಐತೆ. ಹೆಬ್ಬೆಟ್ಟು ಒತ್ತು. ಅರ್ಧ ಗಂಟೇಲಿ ತಂದ್ಕೊಡ್ತೀನಿ."

"ಏನು ಬರ್ದೈತೆ ಅದ್ರಲ್ಲಿ?"

ಓದಿದೆ. "ಏಪ್ರಿಲ್‌ನಿಂದ ಎಂಟು ತಿಂಗಳು ಪ್ರತಿದಿನ ನನ್ನ ಕೈಯಾರೆ ಬ್ಲೀಚಿಂಗ್ ಪೌಡರ್ ಕಲಸಿ ಟ್ಯಾಂಕಿಗೆ ಹಾಕಿರುತ್ತೇನೆ. ಕಳೆದ ವಾರ ನಾಲ್ಕು ದಿನ ಮಾತ್ರ ಕುಡಿದು ಮಲಗಿ ಹಾಕಿರುವುದಿಲ್ಲ."

"ಕೈಯಾರೆ" ಎಂಬ ಮಾತನ್ನು ಅಪ್ಪಯ್ಯಣ್ಣನವರೇ ಪೆನ್ನಿನಲ್ಲಿ ಸೇರಿಸಿದ್ದರು. ತೂಕ ಬರಲಿ ಅಂತ.

"ಅಣ್ಣಾ... ಈ ವರ್ಷ ಒಂದು ಚೀಲಾನೂ ಕಂಡಿಲ್ಲ ನಾನು. ಕೇಳಿ ಕೇಳಿ ಸಾಕಾಯ್ತು. ಬರೀ ನೀರು ಬಿಟ್ಟಿದ್ದೀನಿ."

"ಗೊತ್ತು."

"ಹನ್ನೊಂದು ಜನಾನೂ ನಾನೇ ಸಾಯ್ಸಿದೆ ಅಂತ ಆಗ್ತದಲ್ಲ!"

"ಹನ್ನೆರಡನೇದು ನಿನ್ನ ಮಗಳಾಗ್ಬೇಕಾ?"

ಆ ಮಾತು ನನ್ನದೇ ಸಾರ್. ಯಾರೂ ಹೇಳಿಕೊಟ್ಟಿರಲಿಲ್ಲ.

ಅವನು ಎಡಗೈ ಚಾಚಿದ. ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿದೆ. ಎಷ್ಟು ಚೆನ್ನಾಗಿ ಮೂಡಿತು ಅಂತೀರಿ! ಒಂದೊಂದು ಗೆರೆಯನ್ನೂ ಎಣಿಸಬಹುದಿತ್ತು. ಕೆಳಗೆ ಸಾಕ್ಷಿ ಅಂತ ನನ್ನ ಸಹಿ ಹಾಕಿಕೊಂಡೆ.

ಸ್ಕೂಟರ್ ಏರಿ ಹತ್ತು ನಿಮಿಷದಲ್ಲಿ ಅಧ್ಯಕ್ಷರ ಮನೆ ಮುಟ್ಟಿದೆ. ಅವರು ಹಾಳೆ ನೋಡಿದರು. ಮಡಿಸಿ ಜೇಬಿಗಿಟ್ಟರು.

"ಬಾಟ್ಲಿ ಕೊಡಿ."

"ಐದು ನಮ್ಮ ಬೀಗರ ಮನೆಗೆ ಕಳಿಸ್ದೆ ಕಣೋ. ಒಂದು ಮನೇಲಿರ್ಲಿ. ಯಾರಿಗೆ ಯಾವಾಗ ಬರ್ತದೋ!"

"ಮಾತು ಕೊಟ್ಟಿದ್ದೀನಿ ಅವನಿಗೆ."

"ಕೊಟ್ಟೋನು ನೀನು. ನಾನಲ್ಲ."

ನಕ್ಕರು! ಬಾಟಲಿ ಕಣ್ಣೆದುರೇ, ಗೋಡೆ ಬೀರುವಿನಲ್ಲಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಜೀವನದಲ್ಲಿ ನೂರು ಸುಳ್ಳು ಹೇಳಿದ್ದೇನೆ, ಆದರೆ ಇನ್ನೊಬ್ಬನ ಸುಳ್ಳಿಗೆ ನನ್ನ ಬಾಯಿ ಬಾಡಿಗೆಗೆ ಹೋದದ್ದು ಅದೇ ಮೊದಲು.

ಕೈ ಹಾಕಿದೆ. ಅವರ ಡ್ರೈವರ್ ಕುಮಾರ್ ಅಡ್ಡ ಬಂದ. ಮೊಣಕೈಯಿಂದ ಮೂಗಿಗೆ ಕೊಟ್ಟೆ. ಕುಸಿದ. ಬಾಟಲಿ ಶರ್ಟಿನೊಳಗೆ ತುರುಕಿಕೊಂಡು ಸ್ಕೂಟರ್ ಎಬ್ಬಿಸಿದೆ. ಹಿಂದೆ ಜೀಪು! ಪುರಸಭೆಯದೇ ಜೀಪು, ಪುರಸಭೆಯದೇ ಡೀಸೆಲ್. ಸಂತೆ ಮೈದಾನ ಸೀಳಿದೆ. ಸೊಪ್ಪಿನ ಬುಟ್ಟಿಗಳ ಮೇಲೆ ಹಾಯಿಸಿದೆ. ಪಾಪಕ್ಕನ ಹೋಟೆಲ್ ಪಕ್ಕದ ಸಂದಿಗೆ ನುಗ್ಗಿದೆ. ಅಲ್ಲಿ ಜೀಪು ಹಿಡಿಸಲಿಲ್ಲ.

ಆಸ್ಪತ್ರೆ ಮೆಟ್ಟಿಲ ಮೇಲೆ ಮುನಿರಾಮಯ್ಯನ ಹೆಂಡತಿ ಸಪ್ಪಲಮ್ಮ ಕೂತಿದ್ದಳು. ಮಡಿಲಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ. ಚಿಕ್ಕವು.

ಬಾಟಲಿ ಚಾಚಿದೆ.

ಅದನ್ನು ನೋಡಿದಳು. ನನ್ನನ್ನೂ ನೋಡಿದಳು.

"ಈಗ್ಯಾಕಣ್ಣ?"

ಮಗುವಿನ ಹೆಸರು ವಾಣಿ. ಒಂಬತ್ತು ವರ್ಷ. ಹೆಸರು ಗೊತ್ತಾದದ್ದು ಆಗಲೇ.

ಮರುದಿನ ಹನ್ನೊಂದು ಗಂಟೆಗೆ ಆಡಿಟ್ ಶುರುವಾಯಿತು. ಬಂದವರು ಪ್ರಮೋದಾ ಅಂತ, ಕನ್ನಡಕದ ಹೆಂಗಸು. ಸಾಕ್ಷಿ ಅಂತ ನನಗೂ ಕರೆ ಬಂತು. ಕುಮಾರ್ ಮೂಗಿಗೆ ಪಟ್ಟಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಸೊಂಟದಲ್ಲಿ ಮಚ್ಚು.

ಪ್ರಮೋದಾ ಹಾಳೆ ಓದಿದರು. ಹೆಬ್ಬೆಟ್ಟನ್ನೇ ಎಷ್ಟೋ ಹೊತ್ತು ನೋಡಿದರು. ಸಂಬಳದ ರಿಜಿಸ್ಟರ್ ತರಿಸಿ ಪಕ್ಕಕ್ಕಿಟ್ಟರು.

"ಈ ಹೆಬ್ಬೆಟ್ಟು ಯಾರದು?"

"ಅವನದೇ ಮೇಡಂ! ಅನುಮಾನಾನೇ ಬೇಡ!" ಎಂದರು ಅಪ್ಪಯ್ಯಣ್ಣ.

"ಅನುಮಾನ ಇಲ್ಲ. ಅದೇ ತೊಂದರೆ." ರಿಜಿಸ್ಟರ್ ತಿರುಗಿಸಿ ತೋರಿಸಿದರು. "ಹನ್ನೆರಡು ವರ್ಷ ಪ್ರತಿ ತಿಂಗಳೂ ಬರೀ ಮಸಿ. ಒಂದು ಗೆರೆ ಇಲ್ಲ. ದಿನಾ ಬರಿಗೈಲಿ ಪೌಡರ್ ಕಲಸೋರಿಗೆ ಬೆರಳಿನ ಗೆರೆ ಸುಟ್ಟುಹೋಗುತ್ತೆ. ಕಲಸೋದು ನಿಂತರೆ ಎರಡು ಮೂರು ತಿಂಗಳಲ್ಲಿ ಮತ್ತೆ ಮೂಡುತ್ತೆ. ಈ ವರ್ಷ ಜುಲೈನಿಂದ ನೋಡಿ... ಎಷ್ಟು ಚೆಂದ ಮೂಡಿದೆ!"

ಅಧ್ಯಕ್ಷರು ಕುರ್ಚಿಯಿಂದ ಎದ್ದರು.

"ಈ ವರ್ಷ ಗ್ಲೌಸ್ ಹಾಕ್ಕೊಂಡಿದ್ದ ಮೇಡಂ!"

"ಗ್ಲೌಸ್ ಕೊಳ್ಳೋ ಪ್ರಸ್ತಾವನೇನ ನೀವೇ ಐದು ವರ್ಷದ ಹಿಂದೆ ತಳ್ಳಿಹಾಕಿದ್ದೀರಿ. ದುಂದುವೆಚ್ಚ ಅಂತ ನಿರ್ಣಯ ಇದೆ. ಇಲ್ಲಿ 'ಕೈಯಾರೆ' ಅಂತ ಬರೆದಿರೋದೂ ನಿಮ್ಮ ಅಕ್ಷರವೇ ಅಲ್ವಾ?"



ಪ್ರಮೋದಾ ನನ್ನ ಕಡೆ ತಿರುಗಿದರು. "ಸಾಕ್ಷಿ ಸಹಿ ನಿಮ್ಮದಾ?"

ಬಾಗಿಲಲ್ಲಿ ಕುಮಾರ್ ಸೊಂಟಕ್ಕೆ ಕೈ ಹಾಕಿದ. ನಂದಲ್ಲ ಅಂದಿದ್ದರೆ ಸಂಜೆ ಮನೆಗೆ ಹೋಗುತ್ತಿದ್ದೆ. ಆ ಚಪ್ಪಲಿ ಕಣ್ಣ ಮುಂದೆ ಬಂತು.

"ನಂದೇ ಮೇಡಂ. ಸಾಯ್ತಿದ್ದ ಮಗು ಹೆಸ್ರಲ್ಲಿ ಹೆದರ್ಸಿ ಒತ್ಸಿದ್ದೀನಿ. ಮಾಡ್ಸಿದ್ದು ಇವ್ರು. ಮಾಡಿದ್ದು ನಾನು."

ಅಷ್ಟೇ ಸಾರ್. ಅಪ್ಪಯ್ಯಣ್ಣನವರಿಗೆ ಒಂಬತ್ತು ದಿನದಲ್ಲಿ ಜಾಮೀನು ಸಿಕ್ಕಿತು. ನನಗೆ ಜಾಮೀನು ನಿಲ್ಲುವವರು ಊರಲ್ಲಿ ಯಾರಿದ್ದಾರೆ? ಮುನಿರಾಮಯ್ಯನನ್ನು ಕೆಲಸದಲ್ಲೇ ಉಳಿಸಿಕೊಂಡರು. ಈಗ ಚೀಲ ತಪ್ಪದೆ ಬರುತ್ತವಂತೆ. ಗ್ಲೌಸ್ ಇನ್ನೂ ಇಲ್ಲ. ಸಂಬಳಕ್ಕೆ ಹೆಬ್ಬೆಟ್ಟು ಒತ್ತಿದರೆ ಮತ್ತೆ ಬರೀ ಮಸಿಯಂತೆ.

ಇಲ್ಲಿ ಜೈಲಿಗೆ ಬಂದ ದಿನ ನನ್ನ ಹತ್ತೂ ಬೆರಳು ಒತ್ತಿಸಿಕೊಂಡರು. ಒಂದೊಂದು ಗೆರೆಯೂ ಲಕಲಕ! ಗುಮಾಸ್ತ ಭೇಷ್ ಅಂದ. ನಾನು ಅಂದೆ... ಕೆಲಸ ಮಾಡಿದ ಕೈಯಾಗಿದ್ದರೆ ತಾನೇ ಸವೆಯೋದು!