ಬಾಗಿಲ ಹೊರಗಿನ ನಲವತ್ತಾರು ನಂಬರಿನ ಶೂ

"ಯಾರ್ರೀ ನೀವು? ಇಡ್ರಿ ಅದನ್ನ ಕೆಳಗೆ!"

ಅಜೆಮಿನಾಳ ಕೈಯಿಂದ ಆಲೂಗಡ್ಡೆ ಚೀಲ ಜಾರಿಬಿತ್ತು. ಮೂರನೇ ಮಹಡಿಯಲ್ಲಿ, ಅವಳ ಮನೆ ಬಾಗಿಲ ಮುಂದೆ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತಿದ್ದ. ಅವನ ಕೈಯಲ್ಲಿ ಅವಳ ಹೊಸ್ತಿಲ ಬಳಿಯ ದೊಡ್ಡ ಕಪ್ಪು ಶೂ!

ಅವನು ಗಾಬರಿಯಾಗಿ ಎದ್ದ. "ತಪ್ಪು ತಿಳೀಬೇಡಿ… ನಾನು ವೆಹಿದ್, ಎರಡನೇ ಮಹಡಿ. ಶೂ ರಿಪೇರಿ ಅಂಗಡಿ ಇಟ್ಕೊಂಡಿದೀನಿ. ಹೊಲಿಗೆ ಬಿಟ್ಟಿದ್ದು ಕಣ್ಣಿಗೆ ಬಿತ್ತು, ಸುಮ್ಮನಿರೋಕಾಗ್ಲಿಲ್ಲ…"

"ತಮ್ಮ ಸಾಮಾನು ಯಾರಾದ್ರೂ ಮುಟ್ಟಿದ್ರೆ ನಮ್ಮ ಯಜಮಾನರಿಗೆ ಆಗಲ್ಲ. ಸಿಟ್ಟು ಜಾಸ್ತಿ."

ವೆಹಿದ್ ಶೂ ಕೆಳಗಿಟ್ಟ. ಉರುಳಿದ್ದ ಆಲೂಗಡ್ಡೆ ಆರಿಸಿ, ಚೀಲವನ್ನು ಅವಳ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು, ಗೋಡೆಗೆ ಒತ್ತಿಕೊಂಡು ಇಳಿದುಹೋದ.

ಅವಳು ಒಳಗೆ ಹೋಗಿ ಮೂರೂ ಚಿಲಕ ಹಾಕಿದಳು.

ಯಜಮಾನರು! ಎಂಥ ಯಜಮಾನರು!

ಆ ಮನೆಯಲ್ಲಿ ಗಂಡಸೇ ಇರಲಿಲ್ಲ. ಏಳು ವರ್ಷ ಹೊಡೆದ ಗಂಡನನ್ನು ಬಿಟ್ಟು, ಎರಡು ಮುರಿದ ಪಕ್ಕೆಲುಬಿನೊಂದಿಗೆ ಅವಳು ತುಜ್ಲಾ ಪಟ್ಟಣದ ಹೆಂಗಸರ ಆಸರೆಮನೆಗೆ ಬಂದು ಬಿದ್ದಿದ್ದಳು. ಹನ್ನೊಂದು ತಿಂಗಳು ಅಲ್ಲಿದ್ದು, ಲಾಂಡ್ರಿಯಲ್ಲಿ ಕೆಲಸ ಹಿಡಿದು, ಈಗಷ್ಟೇ ಈ ಒಂದು ಕೋಣೆಯ ಮನೆ ಮಾಡಿದ್ದಳು. ಹೊರಡುವ ದಿನ ಆಸರೆಮನೆ ನೋಡಿಕೊಳ್ಳುವ ಜುಮ್ರಕ್ಕ, ತೀರಿಕೊಂಡ ತನ್ನ ಗಂಡನ ಶೂ ತಂದುಕೊಟ್ಟಿದ್ದಳು.

"ಬಾಗಿಲ ಹೊರಗಿಡು. ಒಳಗೆ ಯಾರಿದಾರೆ ಅಂತ ನಮ್ಮ ಜನ ಹೊಸ್ತಿಲ ಶೂ ನೋಡಿಯೇ ಲೆಕ್ಕ ಹಾಕೋದು. ನಲವತ್ತಾರು ನಂಬರು ಕಣೇ! ನಮ್ಮನೆಯೋನು ಇರುವೆ ತುಳಿದೋನಲ್ಲ, ಆದ್ರೆ ಶೂ ನೋಡಿದ್ರೆ ರಾಕ್ಷಸ!"

ಚಳಿಗಾಲ ಬಂತು. ಲಾಂಡ್ರಿಯ ಹಬೆಯಲ್ಲಿ ಎಂಟು ಗಂಟೆ ನಿಂತು ಬಂದರೂ ಅವಳಿಗೆ ನಿದ್ದೆಯಿಲ್ಲ. ಮೆಟ್ಟಿಲ ಮೇಲೆ ಸಪ್ಪಳವಾದರೆ ಕಿವಿ ಅತ್ತಲೇ. ಇನ್ನೆಷ್ಟು ವರ್ಷ ಹೀಗೆ? ಕೇಳಿಕೊಳ್ಳುವುದಕ್ಕೂ ಸುಸ್ತು.

ಬರುಬರುತ್ತಾ ವೆಹಿದ್‌ನ ಹೆಜ್ಜೆ ಗುರುತು ಸಿಗತೊಡಗಿತು. ಅದು ಅವನದ್ದೇ ಎಂದು ತಿಳಿದರೆ ಸಾಕು, ಅವಳು ನೆಮ್ಮದಿಯಾಗಿ ಒಲೆಯ ಕಡೆ ತಿರುಗುತ್ತಿದ್ದಳು. ಎದುರು ಸಿಕ್ಕರೆ ಅವನು ಎರಡು ಮೆಟ್ಟಿಲು ಕೆಳಗೇ ನಿಂತು ಮಾತಾಡುತ್ತಿದ್ದ.

"ಯಜಮಾನರು ಚೆನ್ನಾಗಿದಾರಾ?"

"ಹ್ಞೂಂ. ಮಲಗಿದಾರೆ."

"ಪಾಪ, ಮಲಗ್ಲಿ."

ಒಮ್ಮೆ ಅವಳು ತನ್ನ ಬೂಟು ರಿಪೇರಿಗೆ ಕೊಟ್ಟರೆ, ಒಳಗೆ ಮೆತ್ತನೆಯ ಉಣ್ಣೆ ಹಾಸಿ ತಂದುಕೊಟ್ಟ. ದಿನವೆಲ್ಲ ಕಾಲು ಬೆಚ್ಚಗಿತ್ತು. ಅಜೆಮಿನಾಳಿಗೆ ತನ್ನ ಮೇಲೇ ಸಿಟ್ಟು ಬಂತು. 'ಬೇಡ ಕಣೇ… ಒಂದು ಸಲ ಅನುಭವಿಸಿದ್ದು ಸಾಕಾಗ್ಲಿಲ್ವಾ?'

ಫೆಬ್ರವರಿಯ ಒಂದು ಬೆಳಿಗ್ಗೆ. ಅಂದು ರಜೆ. ಹತ್ತು ಗಂಟೆಗೆ ಬ್ರೆಡ್ ತರಲೆಂದು ಬಾಗಿಲು ತೆರೆದವಳ ಜೀವ ಬಾಯಿಗೆ ಬಂತು.

ಶೂ ಒದ್ದೆಯಾಗಿತ್ತು! ಅಟ್ಟೆಗೆ ಹಸಿ ಕೆಸರು. ಯಾರೋ ಹಾಕಿಕೊಂಡು ಓಡಾಡಿದ ಹಾಗೆ…

'ಬಂದ. ಪತ್ತೆ ಹಚ್ಚಿಬಿಟ್ಟ!'

ಬಾಗಿಲು ಜಡಿದು ಫೋನ್ ಮಾಡಿದಳು. "ಅಕ್ಕ… ನನ್ನ ಹಾಸಿಗೆ ಖಾಲಿ ಇದ್ಯಾ?"

"ನಿನಗೆ ಯಾವಾಗ್ಲೂ ಜಾಗ ಇದೆ. ಬಾಗಿಲು ತೆಗೀಬೇಡ, ನಾನೇ ಬರ್ತೀನಿ," ಎಂದಳು ಜುಮ್ರಕ್ಕ.

ಅಜೆಮಿನಾ ಸೂಟ್‌ಕೇಸಿಗೆ ಬಟ್ಟೆ ತುಂಬಿದಳು. ಪರದೆ ಹೊಲಿದಿದ್ದಳು, ಕಿಟಕಿಯಲ್ಲಿ ಈರುಳ್ಳಿ ಚಿಗುರಿಸಿದ್ದಳು. ಎಲ್ಲ ಬಿಟ್ಟು ಮತ್ತೆ ಮೊದಲಿನಿಂದ… ಅಳುವುದಕ್ಕೂ ಶಕ್ತಿಯಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ. ಗುರುತಿನ ಹೆಜ್ಜೆ! ಬಾಗಿಲ ಕಿಂಡಿಗೆ ಕಣ್ಣಿಟ್ಟಳು. ವೆಹಿದ್ ಮಂಡಿಯೂರಿ, ಹಳೇ ಬಟ್ಟೆಯಿಂದ ಶೂ ಒರೆಸುತ್ತಿದ್ದ.

ಸರಪಳಿ ಬಿಚ್ಚದೆ ಬಾಗಿಲು ತೆರೆದಳು. "ನೀವಾ…?"

"ಅಯ್ಯೋ! ಇವತ್ತು ಕೆಲಸಕ್ಕೆ ಹೋಗಿಲ್ವಾ?"

"ಕೆಸರು ಹಚ್ಚಿದ್ದೂ ನೀವೇನಾ? ಯಾಕೆ?"

ಅವನು ತಲೆ ತಗ್ಗಿಸಿದ. "ಹಿಮ ಬಿದ್ದ ವಾರ ಮೇಲಿನ ಮನೆ ಮುದುಕಿ ಕೇಳಿದ್ಲು, 'ಊರೆಲ್ಲ ಕೆಸರು, ಆ ಮನೆ ಗಂಡಸಿನ ಶೂ ಮಾತ್ರ ಒಣಗಿದೆ, ಹಾರ್ಕೊಂಡ್ ಬರ್ತಾನಾ?' ಅಂತ. ಅವತ್ತಿಂದ ನೀವು ಹೋದ್ಮೇಲೆ ಕೆಸರು ಹಚ್ತೀನಿ, ಮುದುಕಿ ನೋಡ್ಕೊಂಡು ಹೋದ್ಮೇಲೆ, ನೀವು ಬರೋಕ್ ಮುಂಚೆ ಒರೆಸ್ತೀನಿ."

"ಅಂದ್ರೆ… ನಿಮಗೆ ಗೊತ್ತಿತ್ತು?"

"ಶೂ ಹೊಲಿಯೋನು ನಾನು. ಮೊದಲ ದಿನ ಕೈಗೆ ತಗೊಂಡಾಗಲೇ ಗೊತ್ತಾಯ್ತು, ಇದರೊಳಗೆ ಕಾಲು ಹೋಗಿ ವರ್ಷಗಳೇ ಆಗಿದೆ ಅಂತ."

"ಮತ್ತೆ 'ಯಜಮಾನರು ಚೆನ್ನಾಗಿದಾರಾ' ಅಂತಿದ್ರಲ್ಲ!"

"ಕೇಳಿಸ್ಕೊಳ್ಳೋರು ಕೇಳಿಸ್ಕೊಳ್ಳಲಿ ಅಂತ."

"ನನಗೊಂದು ಮಾತು ಹೇಳ್ಬಾರದಿತ್ತಾ? ಇವತ್ತು ನನ್ನ ಜೀವವೇ ಹೋಗಿತ್ತು!"

"ತಪ್ಪಾಯ್ತು. ನನಗೆ ಗೊತ್ತು ಅಂದ್ರೆ ನೀವು ನನಗೂ ಹೆದರ್ತೀರಿ ಅನ್ನಿಸ್ತು…"

ಈಗ ಅವಳಿಗೆ ಅಳು ಬಂತು. ಹೊಸ್ತಿಲೊಳಗೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ವೆಹಿದ್ ಎರಡು ಮೆಟ್ಟಿಲು ಇಳಿದು, ಬೆನ್ನು ತಿರುಗಿಸಿ ಕೂತು ಕಾದ.

ಏದುಸಿರು ಬಿಡುತ್ತಾ ಕೊಡೆ ಎತ್ತಿಕೊಂಡೇ ಜುಮ್ರಕ್ಕ ಹತ್ತಿ ಬಂದಳು. "ಯಾರೇ ಇವನು? ಕೊಡ್ಲಾ ಎರಡು?"

"ಬೇಡ ಅಕ್ಕ, ಒಳ್ಳೆಯವರು," ಎಂದು ಅಜೆಮಿನಾ ಸರಪಳಿ ಬಿಚ್ಚಿ ನಡೆದದ್ದನ್ನು ಹೇಳಿದಳು.

ಜುಮ್ರಕ್ಕ ಕೊಡೆ ಇಳಿಸಿ ಸೂಟ್‌ಕೇಸಿನತ್ತ ನೋಡಿದಳು. "ಹಾಗಾದ್ರೆ… ಹೊರಡೋದಾ?"

ಅಜೆಮಿನಾ ಸೂಟ್‌ಕೇಸನ್ನು ಕಾಲಿಂದ ಮಂಚದ ಕೆಳಗೆ ತಳ್ಳಿದಳು.

"ಇಲ್ಲ ಅಕ್ಕ. ನನ್ನ ಮನೇಲೇ ಇರ್ತೀನಿ."

ಏಪ್ರಿಲ್‌ನಲ್ಲಿ ಆಸರೆಮನೆಯಿಂದ ಇನ್ನೊಬ್ಬಳು ಬೇರೆ ಮನೆ ಮಾಡಿದಳು. ಕಪ್ಪು ಶೂ ಅವಳಿಗೆ ಹೋಯಿತು. ಹೊಲಿಗೆ ಹಾಕಿ, ದಿನಾ ಹಾಕಿಕೊಂಡಂತೆ ಕಾಣಲಿ ಎಂದು ಹಿಮ್ಮಡಿಯನ್ನು ತುಸು ಉಜ್ಜಿ ಕೊಟ್ಟವನು ವೆಹಿದ್.

ಅಂದು ಸಂಜೆ ಎರಡು ಮೆಟ್ಟಿಲು ಕೆಳಗೆ ನಿಂತವನನ್ನು ಅಜೆಮಿನಾ ಕರೆದಳು. "ಕಾಫಿ ಮಾಡಿದೀನಿ…"

ಅವನು ನಿಂತಲ್ಲೇ ನಿಂತ. "ಬಾಗಿಲು ತೆರೆದೇ ಇಡ್ಲಾ?"

"ಇವತ್ತಿಗೆ ತೆರೆದೇ ಇರ್ಲಿ."

ವೆಹಿದ್ ತನ್ನ ಶೂ ಬಿಚ್ಚಿ ಅವಳ ಬೂಟಿನ ಪಕ್ಕ ಇಟ್ಟ. ನಾಚಿಕೊಂಡು ನಕ್ಕ.

"ನಂದು ಬರೀ ನಲವತ್ತೊಂದು. ಇದನ್ನ ನೋಡಿ ಯಾರೂ ಹೆದರಲ್ಲ."

ಅಜೆಮಿನಾ ಆ ಪುಟ್ಟ ಜೋಡಿಯನ್ನೇ ತುಂಬ ಹೊತ್ತು ನೋಡಿದಳು.

"ನಾನೂ ಹೆದರಲ್ಲ, ವೆಹಿದ್… ಬನ್ನಿ, ಕಾಫಿ ಆರುತ್ತೆ."