ಕೇಳದೇ ಬಿಟ್ಟ ಮೊದಲ ಭಾಗ

"ನಿಮ್ಮನ್ನ ನೋಡ್ದೇ ಇದ್ರೆ ನಂಗೆ ಕೆಲಸಾನೇ ಓಡಲ್ಲ..."

ಹೆಡ್‌ಫೋನಿನಲ್ಲಿ ಕೇಳಿದ ದನಿ ಅವನದೇ! ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು.

ಮರುಕ್ಷಣ ಹೆಣ್ಣೊಬ್ಬಳ ನಗು. ನಾಚಿದ, ಹರೆಯದ ನಗು. "ಇನ್ನೊಂದ್ಸಲ ಹೇಳು," ಎಂಬ ಪಿಸುಮಾತು.

ಅವನು ಹೇಳಿಯೂ ಬಿಟ್ಟ!

ಮುಚ್ಚಿಹೋದ ಬಟ್ಟೆ ಗಿರಣಿಯ ಕೆಲಸಗಾರರ ನೆನಪುಗಳನ್ನು ಊರಿನ ಮ್ಯೂಸಿಯಂ ಸಂಗ್ರಹಿಸುತ್ತಿತ್ತು. ಅವನು ಮನೆಮನೆಗೆ ಹೋಗಿ ರೆಕಾರ್ಡ್ ಮಾಡುತ್ತಿದ್ದ; ಅವಳು ಅದನ್ನು ಕೇಳಿ ಟೈಪ್ ಮಾಡುತ್ತಿದ್ದಳು. ಆ ಭಾನುವಾರ ಅವನ ಮನೆಯವರು ಅವಳ ಮನೆಗೆ ಮದುವೆ ಮಾತಿಗೆ ಬರುವವರಿದ್ದರು.

'ಎಲ್ಲಾ ಮುದುಕಿಯರು ಅಂದಿದ್ದನಲ್ಲ... ಇವಳ್ಯಾರು?'

ಅವನ ಮಾತಿನ ಪಕ್ಕ ಬ್ರ್ಯಾಕೆಟ್ ಹಾಕಿ 'ಹಲ್ಲು ಗಿಂಜುತ್ತಾ' ಎಂದು ಟೈಪ್ ಮಾಡಿದಳು. ಆ ನಗುವಿನ ಪಕ್ಕ: 'ನಾಚಿಕೆಯಿಲ್ಲದೆ'. ಅದೇ ಸಿಟ್ಟಿನಲ್ಲಿ ಮ್ಯೂಸಿಯಂ ನೋಡಿಕೊಳ್ಳುವ ಮೇಡಂಗೆ ಕಳಿಸಿ, ಮನೆಗೆ ಫೋನ್ ಮಾಡಿದಳು.

"ಅಮ್ಮಾ, ಅವ್ರು ಬರೋದು ಬೇಡ ಅಂತ ಹೇಳ್ಬಿಡು."

"ಯಾಕೇ? ಏನಾಯ್ತೇ?"

"ಏನೂ ಆಗಿಲ್ಲ!" ಫೋನ್ ಇಟ್ಟುಬಿಟ್ಟಳು.

ಮರುದಿನ ಮೇಡಂ ಇಬ್ಬರನ್ನೂ ಕರೆದು ಕಾಗದ ಮುಂದಿಟ್ಟರು. "ಇದೇನಮ್ಮಾ? ಇತಿಹಾಸಾನಾ, ಹೊಟ್ಟೆಕಿಚ್ಚಾ?"

ಓದಿದವನ ಕಣ್ಣು ಅಗಲವಾಯಿತು. "ಹಲ್ಲು ಗಿಂಜುತ್ತಾ? ನಾನಾ?"

"ನೀನೇ! ನಿನ್ನ ದನಿ ನಂಗೊತ್ತಿಲ್ವಾ?"

"ಮೊದಲ್ನೇ ಫೈಲ್ ಕೇಳಿದ್ಯಾ?"

ಅವಳು ಕೇಳಿರಲಿಲ್ಲ. ಪಟ್ಟಿಯಲ್ಲಿ ಮೇಲೆ ಕಂಡಿದ್ದು ಎರಡನೆಯದು. ಅದನ್ನೇ ತೆರೆದಿದ್ದಳು.

ಮೇಡಂ ಮೊದಲನೆಯದನ್ನು ಹಾಕಿದರು. ಅವನ ದನಿ ಎಂದಿನಂತೆ ತಾರೀಖು, ಜಾಗ ಹೇಳಿತು. "ಮಾತಾಡ್ತಿರೋರು, ನೂಲು ವಿಭಾಗದಲ್ಲಿ ದುಡಿದ ಅಜ್ಜಿ. ವಯಸ್ಸು ಎಂಬತ್ತೆರಡು."

ಆಮೇಲೆ ನಡುಗುವ ದನಿಯೊಂದು: "ಗಿರಣಿ ಕಥೆ ಅಂದ್ರೆ ಮಾಲೀಕರ ಫೋಟೋ ಅಷ್ಟೇ ಆಗೋಗಿದೆ ಕಣಪ್ಪಾ. ನಾವು ದುಡಿದಿದ್ದು, ನಕ್ಕಿದ್ದು ಯಾರಿಗ್ ಗೊತ್ತು? ನಮ್ಮನೆಯವ್ರು ಮದುವೆಗೆ ಮುಂಚೆ ಗೇಟ್ ಹತ್ರ ನಿಂತು, 'ನಿಮ್ಮನ್ನ ನೋಡ್ದೇ ಇದ್ರೆ ನಂಗೆ ಕೆಲಸಾನೇ ಓಡಲ್ಲ' ಅಂದಿದ್ರು. ನಾನು ಹೋದ್ರೆ ಅದೂ ಹೋಯ್ತು. ಅವ್ರ ಮಾತು ನೀನು ಹೇಳು... ಆಗ ನಂಗೆ ಉಳಿದಿದ್ದೆಲ್ಲಾ ನೆನಪಾಗುತ್ತೆ."

ಎರಡನೇ ಫೈಲಿನಲ್ಲಿ ಅವನ ಬಾಯಿಂದ ಆ ಮಾತು ಕಿವಿಗೆ ಬಿದ್ದೊಡನೆ ಅಜ್ಜಿಯ ನಗು ಹರೆಯಕ್ಕೆ ಮರಳಿತ್ತು... ಅಷ್ಟೇ!

ಅವಳ ಕಣ್ಣು ತುಂಬಿತು.

"ಅರ್ಧ ಕೇಳಿ ತೀರ್ಪು ಕೊಟ್ರೆ ಅದು ಚಾಡಿ," ಎಂದರು ಮೇಡಂ. "ಯಾರು ಹೇಳಿದ್ದು, ಯಾಕೆ ಹೇಳಿದ್ದು, ಅದಕ್ಕೂ ಮುಂಚೆ ಏನಾಯ್ತು ಅಂತ ಕೇಳಿದ್ರೆ ಮಾತ್ರ ಇತಿಹಾಸ. ನಾನು ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ಆ ಬ್ರ್ಯಾಕೆಟ್ ಅಳಿಸು."

ಬಾಗಿಲು ಮುಚ್ಚಿತು. ಅವನು ರೆಕಾರ್ಡರ್ ಮೇಜಿನ ಮೇಲಿಟ್ಟು ಕೆಂಪು ಗುಂಡಿ ಒತ್ತಿದ.

"ಮಾತಾಡ್ತಿರೋರು ಯಾರು?"

"...ಅಜ್ಜಿ ಮೇಲೆ ಹೊಟ್ಟೆಕಿಚ್ಚು ಪಟ್ಟೋಳು."

"ಏನು ಹೇಳೋದಿದೆ?"

"ಭಾನುವಾರ ಎಲ್ರೂ ಬರ್ಲಿ ಅಂತ." ಅವಳು ಮುಖ ತಿರುಗಿಸಿದಳು. "ಆದ್ರೂ... ಆ ಮಾತು ನಂಗೆ ಒಂದಿನಾನೂ ಹೇಳಿಲ್ವಲ್ಲ ನೀನು!"

"ಅದು ಆ ತಾತನ ಮಾತು ಕಣೇ. ನಿಂಗೆ ನನ್ನದೇ ಒಂದು ಹೇಳ್ಬೇಕು ಅಂತಿದ್ದೆ."

"ಏನು?"

"ಎಷ್ಟು ಜನರ ಮಾತು ತುಂಬ್ಕೊಂಡು ಬಂದ್ರೂ... ನೀನು ಕೇಳಿಸ್ಕೊಂಡ ಮೇಲೇನೇ ನನ್ನ ದಿನ ಮುಗಿಯೋದು."

ಗುಂಡಿಯ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವಳು ನಾಚಿ ನಕ್ಕಳು.

"ಇನ್ನೊಂದ್ಸಲ ಹೇಳು..."