ಎರಡು ನಿಮಿಷ ಐವತ್ತೈದು ಸೆಕೆಂಡು

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸಿನ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಬಟ್ಟೆ ಹೊಲಿಯುವವಳು. ಸುದ್ದಿ ಕೇಳಿದೊಡನೆ ಅಂಗಡಿ ಬಿಟ್ಟು ಆಸ್ಪತ್ರೆಗೆ ಓಡಿ, ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದಳು.

"ನನ್ನ ತಂಗಿ ಇವತ್ತು ಬೆಳಿಗ್ಗೆ ಈಜುಕೊಳದಲ್ಲಿ ಪ್ರಜ್ಞೆ ತಪ್ಪಿದ್ಲು ಸರ್. ಜೀವ ಉಳೀತು. ಆದ್ರೆ ಇದು ತಾನಾಗೇ ಆಗಿದ್ದಲ್ಲ. ಕಂಪ್ಲೇಂಟ್ ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಎಂಥ ತರಬೇತಿ ಅದು?"

"ಉಸಿರು ಕಟ್ಟಿ ಮುಳುಗೋದು. ಸಿಲಿಂಡರು ಗಿಲಿಂಡರು ಏನೂ ಇಲ್ಲ. ಎರಡು ವರ್ಷದಿಂದ ಹೋಗ್ತಿದ್ದಾಳೆ."

"ಇನ್ನೊಂಚೂರು, ಇನ್ನೊಂಚೂರು ಅಂತ ಹಟ ಮಾಡಿರಬಹುದಲ್ವಾ?"

"ಅವಳಾ?" ಆ ಆತಂಕದಲ್ಲೂ ಅಕ್ಕನ ಕತ್ತು ನೆಟ್ಟಗಾಯಿತು. "ಕೊಳದಲ್ಲಿ ಅವಳನ್ನ ಎಲ್ರೂ ಸಾಕಮ್ಮ ಅಂತಾರೆ ಸರ್. ಮೂರು ನಿಮಿಷ ಆಯ್ತೋ, 'ಸಾಕು' ಅಂತ ಎದ್ದುಬಿಡ್ತಾಳೆ. ನಗೋರು ನಗ್ಲಿ. ತನ್ನ ಅಳತೆ ತನಗೆ ಗೊತ್ತಿರೋಳು. ನಾನು ಬೆಳೆಸಿದ ಹುಡುಗಿ."

10.15ಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್, ಮಹಿಳಾ ಕಾನ್‌ಸ್ಟೆಬಲ್ ಇಬ್ಬರೂ ಕೊಳದ ಅಂಚಿನಲ್ಲಿದ್ದರು. ಒದ್ದೆ ಹಂಚಿನ ನೆಲ, ಕ್ಲೋರಿನ್ ವಾಸನೆ, ಎದುರು ಗೋಡೆಯಲ್ಲಿ ಮುಳುಗಿದ ನಿಮಿಷ, ಸೆಕೆಂಡು ಎಣಿಸುವ ದೊಡ್ಡ ಡಿಜಿಟಲ್ ಬೋರ್ಡು. ಐವತ್ತರ ಗಡಿ ದಾಟಿದ ತರಬೇತುದಾರ ದಾಖಲೆ ಪುಸ್ತಕವನ್ನು ತಾನೇ ಮುಂದಿಟ್ಟ.

"ನೋಡಿ ಸರ್. ಎರಡು ನಿಮಿಷ ಐವತ್ತೈದು ಸೆಕೆಂಡು. ಅವಳ ಮಾಮೂಲಿ ಸಮಯಾನೂ ಆಗಿರ್ಲಿಲ್ಲ. ನಿದ್ದೆಗೆಟ್ಟು ಬಂದಿದ್ಲೋ ಏನೋ."

"ಪಕ್ಕದಲ್ಲಿ ಯಾರಿದ್ರು?"

"ನಾನೇ."

"ಎತ್ತಿದ್ದು ಯಾರು?"

ತರಬೇತುದಾರ ಪುಸ್ತಕ ಮುಚ್ಚಿದ. "ಅವಳ ಜೊತೆಗಾರ. ಪೋಸ್ಟ್‌ಮನ್."

ಪೋಸ್ಟ್‌ಮನ್ ಮಧ್ಯಾಹ್ನದ ಬಟವಾಡೆ ನಿಲ್ಲಿಸಿ ಹೇಳಿಕೆ ಕೊಟ್ಟ. ಮುಳುಗಿದವರನ್ನು ಜೊತೆಗಾರ ಕಣ್ಣು ಕೀಳದೆ ನೋಡುತ್ತಿರಬೇಕೆಂಬುದು ಅಲ್ಲಿಯ ನಿಯಮ. ಆದರೆ ಅಂದು ತರಬೇತುದಾರ ಅವನನ್ನು ಒಳಗಿನಿಂದ ಈಜು ಕಲಿಯುವವರ ತೇಲುವ ಹಲಗೆಗಳನ್ನು ತರಲು ಕಳಿಸಿದ್ದ. "ವಾಪಸ್ ಬಂದು ನೋಡ್ತೀನಿ, ಅವಳ ಕೈ ಬಟ್ಟೆ ಥರ ತೇಲ್ತಿತ್ತು. ಹಲಗೆ ಬಿಸಾಕಿ ಹಾರಿದೆ."

ಸಂಜೆ ನಾಲ್ಕಕ್ಕೆ ವೈದ್ಯರು ಅನುಮತಿ ಕೊಟ್ಟ ಮೇಲೆ ಮಹಿಳಾ ಕಾನ್‌ಸ್ಟೆಬಲ್ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದಳು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಆ ತಂಗಿ ದಿಂಬಿಗೊರಗಿ ಕೂತಿದ್ದಳು. ಧ್ವನಿ ಗೊಗ್ಗರಾಗಿತ್ತು.

"ಮುಖ ನೀರೊಳಗಿರುತ್ತಲ್ಲ, ನಮಗೆ ಬೋರ್ಡು ಕಾಣಲ್ಲ. ಕೋಚ್ ಸರ್ ಕೂಗಿ ಹೇಳಿದ ಸಮಯಾನೇ ಲೆಕ್ಕ. ಹೊಟ್ಟೆ ಅದುರೋಕೆ ಶುರುವಾಯ್ತು, ಬೆರಳೆತ್ತಿದೆ. ಬೆರಳೆತ್ತಿದ್ರೆ ಎದ್ದೇಳ್ತೀನಿ ಅಂತ ಅರ್ಥ. 'ಇನ್ನೂ ಎರಡೂ ಕಾಲು ನಿಮಿಷ ಆಗಿದೆ ಅಷ್ಟೇ, ಎಲ್ಲಾ ಮನಸ್ಸಿನ ಭ್ರಮೆ, ಇರು' ಅಂದ್ರು. ಬೆನ್ನ ಮೇಲೆ ಅವರ ಕೈಯಿತ್ತು. ಆಮೇಲೇನೂ ಗೊತ್ತಿಲ್ಲ."

"ನೀವೇನಂದುಕೊಂಡ್ರಿ?"

"ಮೂರಾಯ್ತು ಅನ್ಸಿತ್ತು. ಮೊದಲ ಸಲ ನನ್ನ ಮೇಲೇ ಅನುಮಾನ ಬಂತು ಮೇಡಂ."

ಆ ಮಾತು ಮಹಿಳಾ ಕಾನ್‌ಸ್ಟೆಬಲ್ ತಲೆಯಲ್ಲಿ ಕೊರೆಯತೊಡಗಿತು. ಬುಧವಾರ ಬೆಳಿಗ್ಗೆ ಕೊಳದ ಸಿಸಿಟಿವಿ ದೃಶ್ಯ ತರಿಸಿ, ಕಾಗದ ಪೆನ್ನು ಹಿಡಿದು ಕೂತಳು. ಹುಡುಗಿ ಮುಖ ಮುಳುಗಿಸಿದ್ದು 7.12.10ಕ್ಕೆ. ಪೋಸ್ಟ್‌ಮನ್ ಎತ್ತಿದ್ದು 7.16.05ಕ್ಕೆ. ಮೂರು ಸಲ ಕೂಡಿ ಕಳೆದು ನೋಡಿ ಇನ್‌ಸ್ಪೆಕ್ಟರ್ ಬಳಿ ಓಡಿದಳು.

"ಸರ್, ಮೂರು ನಿಮಿಷ ಐವತ್ತೈದು ಸೆಕೆಂಡು ಒಳಗಿದ್ದಾಳೆ. ಪುಸ್ತಕದಲ್ಲಿ ಒಂದು ನಿಮಿಷ ಕಮ್ಮಿ!"

"ಬೆರಳೆತ್ತಿದ್ದು ಎಷ್ಟಕ್ಕೆ?"

ದೃಶ್ಯವನ್ನು ಹಿಂದಕ್ಕೋಡಿಸಿದರು. ನೀರಿನ ಮೇಲೆ ಒಂದು ಬೆರಳು ಎದ್ದು ನಿಂತಿತು. 7.15.12. ಮುಳುಗಿ ಮೂರು ನಿಮಿಷ ಎರಡು ಸೆಕೆಂಡು.

ಇನ್‌ಸ್ಪೆಕ್ಟರ್ ಪರದೆಯನ್ನೇ ನೋಡುತ್ತ ನಿಂತರು. "ಏನ್ ಹುಡುಗಿ ರೀ ಇವ್ಳು. ಬೋರ್ಡು ತಪ್ಪಿದೆ, ಇವಳು ತಪ್ಪಿಲ್ಲ. ನೀವೂ ಭೇಷ್, ಕಣ್ರೀ."

ಹನ್ನೆರಡು ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಬೋರ್ಡು ಒಂದು ನಿಮಿಷ ತೋರಿಸುವಷ್ಟರಲ್ಲಿ ಕಾನ್‌ಸ್ಟೆಬಲ್ ಕೈಗಡಿಯಾರದಲ್ಲಿ ಎಂಬತ್ತು ಸೆಕೆಂಡು ಕಳೆದಿತ್ತು. ಯಂತ್ರ ನೋಡಿಕೊಳ್ಳುವವನು ಕಂಪ್ಯೂಟರ್ ತೆರೆದು ತೋರಿಸಿದ: ಸೋಮವಾರ ಸಂಜೆ 5.50ಕ್ಕೆ ಬೋರ್ಡಿನ ವೇಗ ತಗ್ಗಿಸಲಾಗಿತ್ತು. ಬಳಸಿದ್ದು ತರಬೇತುದಾರನ ಪಾಸ್‌ವರ್ಡ್. ಅದು ಬೇರೆ ಯಾರಿಗೂ ಗೊತ್ತಿರಲಿಲ್ಲವೆಂದು ತರಬೇತುದಾರನೇ ಒಪ್ಪಿಕೊಂಡ. ಬುಧವಾರ 3.30ಕ್ಕೆ ಅವನನ್ನು ಬಂಧಿಸಲಾಯಿತು.

ಗುರುವಾರ ಆಸ್ಪತ್ರೆಯಿಂದ ಬಿಡುಗಡೆಯಾದ ತಂಗಿ ಹೇಳಿಕೆಗೆ ಸಹಿ ಹಾಕಲು ಅಕ್ಕನ ಜೊತೆ ಠಾಣೆಗೆ ಬಂದಳು. ನ್ಯಾಯಾಲಯಕ್ಕೆ ಕರೆದೊಯ್ಯಲು ತರಬೇತುದಾರನನ್ನು ಆಗಷ್ಟೇ ಹೊರಗೆ ತಂದಿದ್ದರು. ಅವನು ಅವಳನ್ನು ನೋಡಿ ನಿಂತ.

"ನಿನ್ನ ಶ್ವಾಸಕೋಶ ನನಗಿದ್ದಿದ್ರೆ... ಒಂದ್ಸಲ ಗೊತ್ತಿಲ್ದೇ ಮೂರು ನಿಮಿಷ ದಾಟಿಬಿಟ್ರೆ ನಿನ್ನ ಭಯ ಹೋಗುತ್ತೆ ಅಂದ್ಕೊಂಡೆ. ನೀನು ಐದು ನಿಮಿಷ ಇರಬಲ್ಲವಳು."

"ಇರಬಹುದು ಸರ್," ಅಂದಳು. "ಅದು ಭಯ ಅಲ್ಲ. ನೀವೇ ಮೊದಲ ದಿನ ಹೇಳ್ಕೊಟ್ಟಿದ್ದು, ಮೈ ಮಾತು ಕೇಳು ಅಂತ. ನಾನು ಕೇಳಿದೆ."

ಸಹಿ ಮುಗಿದ ಮೇಲೆ ಅಕ್ಕ ತಂಗಿಯ ಕೈ ಹಿಡಿದು, ತಲೆಯೆತ್ತಿ, ಠಾಣೆಯ ಮೆಟ್ಟಿಲಿಳಿದಳು.

ತರಬೇತುದಾರನ ಬೀರುವಿನಲ್ಲಿ ಸಿಕ್ಕ ಹಳೆಯ ಕಡತವನ್ನು ಇನ್‌ಸ್ಪೆಕ್ಟರ್ ಆ ಮಧ್ಯಾಹ್ನ ಓದಿದರು. ಹನ್ನೊಂದು ವರ್ಷಗಳ ಹಿಂದೆ ಅವನೂ ನೀರಿನಲ್ಲಿ ಎರಡು ಬಾರಿ ಪ್ರಜ್ಞೆ ಕಳೆದುಕೊಂಡಿದ್ದ. ಇನ್ನು ಮುಳುಗಲೇಬಾರದೆಂದು ವೈದ್ಯರು ಬರೆದುಕೊಟ್ಟಿದ್ದರು. ಅದನ್ನು ಅವನು ಹೆಂಡತಿಗೂ ತೋರಿಸಿರಲಿಲ್ಲ. ಶಿಷ್ಯರೆದುರು ಬರಿಗಾಲಲ್ಲಿ ಕೊಳದಂಚಿನಲ್ಲಿ ನಿಂತು, ಕಿವಿನೋವೆಂದೋ ನೆಗಡಿಯೆಂದೋ ನೆಪ ಹೇಳುತ್ತ ಅಷ್ಟೂ ವರ್ಷ ಕಳೆದಿದ್ದ. ತಾನು ಯಾರೆದುರೂ ಹೇಳಲಾಗದ 'ಸಾಕು' ಎಂಬ ಮಾತನ್ನು ಎಲ್ಲರೆದುರು ನಗುತ್ತಲೇ ಹೇಳುವ ಹುಡುಗಿಯೊಬ್ಬಳು ದಿನವೂ ಅವನ ಕಣ್ಣೆದುರು ನೀರಿನಿಂದ ಏಳುತ್ತಿದ್ದಳು.